ಧೂಮಿನಿಯ ಕಥೆಯಲ್ಲಿ ಕೇಳದೆ ಉಳಿದ ಮಾತು

ಮರಳೂರಿನ ಕೆರೆಗೆ ಸಮೀಪದ ಮನೆಯೊಂದರ ಜಗುಲಿಯಲ್ಲಿ ಶಾಸ್ತ್ರಿಗಳೊಬ್ಬರು ಸಂಜೆ ಹೊತ್ತು ದಂಡಿಯ ದಶಕುಮಾರಚರಿತವನ್ನು ಓದಿ ಅರ್ಥ ಹೇಳುತ್ತಿದ್ದರು. ಕೇಳುವವರು ನಾಲ್ಕೈದು ಮಂದಿ. ಅವರಲ್ಲೊಬ್ಬ ತರುಣನು ಲಾರಿಯ ಅಪಘಾತದಲ್ಲಿ ಎಡಗಾಲನ್ನು ಮೊಣಕಾಲಿನವರೆಗೆ ಕಳೆದುಕೊಂಡವನು. ಆ ದಿನ ಆರನೆಯ ಉಚ್ಛ್ವಾಸದ ಧೂಮಿನಿಯ ಕಥೆ ಬಂದಿತು.

ಹನ್ನೆರಡು ವರ್ಷದ ಕ್ಷಾಮದಲ್ಲಿ ಧನ್ಯಕನು ಹೆಂಡತಿಯನ್ನು ಹೊತ್ತುಕೊಂಡು ಕಾಡು ಸೇರಿ, ತನ್ನ ರಕ್ತಮಾಂಸಗಳಿಂದಲೇ ಅವಳ ಹಸಿವು ಬಾಯಾರಿಕೆಗಳನ್ನು ನೀಗಿಸಿದನು. ದಾರಿಯಲ್ಲಿ ಕೈ, ಕಾಲು, ಕಿವಿ, ಮೂಗುಗಳನ್ನು ಕಡಿಸಿಕೊಂಡು ಬಿದ್ದಿದ್ದವನೊಬ್ಬನನ್ನು ಕಂಡು, ಮರುಗಿ, ಅವನನ್ನೂ ಹೊತ್ತು ತಂದು, ಇಂಗುದಿಯ ಎಣ್ಣೆಯಿಂದ ಗಾಯಗಳನ್ನು ಮಾಯಿಸಿದನು. ಧೂಮಿನಿಯ ಮನಸ್ಸು ಆ ವಿಕಲಾಂಗನಲ್ಲಿ ನಟ್ಟಿತು. ಅವಳು ಗಂಡನನ್ನು ಬಾವಿಗೆ ನೂಕಿ, ಇವನನ್ನು ಬೆನ್ನಮೇಲೆ ಹೊತ್ತು ದೇಶ ತಿರುಗಿ, ಪತಿವ್ರತೆಯೆಂಬ ಕೀರ್ತಿಯನ್ನೂ ಪಡೆದಳು! ಕ್ರೂರವಾದುದು ಯಾವುದೆಂಬ ಪ್ರಶ್ನೆಗೆ ಉತ್ತರವಾಗಿ ಬಂದ ಕಥೆಯಿದು. ಪಾಠ ಹೇಳುವವರು ಸ್ತ್ರೀಹೃದಯದ ಕ್ರೌರ್ಯವನ್ನು ಎತ್ತಿ ತೋರಿಸಿ ಮುಂದೆ ಸಾಗುವುದು ವಾಡಿಕೆ.

"ಶಾಸ್ತ್ರಿಗಳೇ, ಕೈಕಾಲಿಲ್ಲದವನಿಗೆ ಅವಳು ಬೇಕಾಗಿದ್ದಳೆ?" ಎಂದು ತರುಣನು ಕೇಳಿದನು.

ಶಾಸ್ತ್ರಿಗಳು ಗ್ರಂಥವನ್ನು ಹಿಂದಿರುಗಿಸಿ ನೋಡಿದರು. ಅವನು ಗದರಿಸಿದರೂ ಅವಳು ಬಲಾತ್ಕರಿಸಿದಳೆಂದು ದಂಡಿಯು ಸ್ಪಷ್ಟವಾಗಿಯೇ ಬರೆದಿದ್ದಾನೆ. ಎಷ್ಟೋ ಸಲ ಓದಿದ್ದರೂ ಆ ಮಾತಿನಲ್ಲಿ ಅವರು ನಿಂತಿರಲಿಲ್ಲ. ಕಡೆಯಲ್ಲಿ ಅರಸನ ಮುಂದೆ ನಿಜವನ್ನು ಹೇಳಿ ಧನ್ಯಕನ ಪ್ರಾಣ ಉಳಿಸಿದವನೂ ಆ ವಿಕಲಾಂಗನೇ. ಹೊರಿಸಿಕೊಂಡು ತಿರುಗಿದಷ್ಟು ಕಾಲ ಅವನಿಗೆ ಹೇಗಿದ್ದಿತೆಂಬುದನ್ನು ಮಾತ್ರ ಅರಸನು ವಿಚಾರಿಸಲಿಲ್ಲ.

ಕನ್ನಡಿಗರಿಗೆ ಇಲ್ಲಿ ಜನ್ನನ ಅಮೃತಮತಿಯು ನೆನಪಾಗುವುದು ಸಹಜ. 1209ರ ಯಶೋಧರಚರಿತೆಯಲ್ಲಿ ಆ ರಾಣಿಯು ಅಷ್ಟಾವಂಕನ ಗಾನಕ್ಕೆ ಮೊದಲು ಸೋತಳು. ರೂಪವೆಂಥದೆಂದು ದೂತಿಯಿಂದ ತಿಳಿದ ಮೇಲೂ ಹಿಂಜರಿಯಲಿಲ್ಲ. ಅದು ಕೊರತೆಯನ್ನು ಮೀರಿದ ಮೋಹ. ಕೊರತೆಯನ್ನೇ ಅರಸುವ ಮೋಹವು ಬೇರೆ. ಫ್ರಾನ್ಸಿನ ತತ್ತ್ವಜ್ಞನಾದ ಡೇಕಾರ್ಟನು, ಬಾಲ್ಯದಲ್ಲಿ ಮೆಳ್ಳೆಗಣ್ಣಿನ ಹುಡುಗಿಯೊಬ್ಬಳನ್ನು ಪ್ರೀತಿಸಿದ್ದರಿಂದ ಬಹುಕಾಲ ಅಂಥ ಕಣ್ಣುಳ್ಳವರ ಕಡೆಗೇ ತನ್ನ ಮನಸ್ಸು ವಾಲುತ್ತಿದ್ದಿತೆಂದೂ, ಕಾರಣವನ್ನರಿತ ಮೇಲೆ ಆ ಸೆಳೆತ ಅಡಗಿತೆಂದೂ 1647ರ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. ಕಡಿದ ಅವಯವದಲ್ಲಿಯೇ ಅನುರಾಗವುಳ್ಳ ಸ್ತ್ರೀಪುರುಷರು ಇದ್ದಾರೆಂಬುದನ್ನು ಈಗಿನ ಮನಶ್ಶಾಸ್ತ್ರಜ್ಞರೂ ಬಲ್ಲರು. ಇದನ್ನು ಪಾಪವೆಂದು ಕೂಗಾಡುವುದು ಸುಲಭ. ಮನಸ್ಸು ಎಲ್ಲಿ ನೆಡುವುದೆಂಬುದು ಯಾರ ವಶದಲ್ಲಿದೆ? ಎದುರಿಗಿರುವವನ ಮಾತಿಗೆ ಕಿವಿಗೊಡುವುದಾದರೋ ವಶದಲ್ಲಿದೆ.

ತರುಣನು ತುಸು ಹೊತ್ತು ಸುಮ್ಮನಿದ್ದು, ಆಸ್ಪತ್ರೆಯ ದಿನಗಳ ಒಂದು ಸಂಗತಿಯನ್ನು ಹೇಳಿದನು. ಅಲ್ಲಿ ಪರಿಚಯವಾದ ಹೆಂಗಸೊಬ್ಬಳು ಆರು ತಿಂಗಳು ಬಹಳ ಅಕ್ಕರೆಯಿಂದ ಬಂದು ಹೋಗುತ್ತಿದ್ದಳಂತೆ. ಜೈಪುರದ ಕೃತಕ ಕಾಲನ್ನು ಕಟ್ಟಿಕೊಂಡು ಅವನು ನಡೆಯಲು ಕಲಿತ ವಾರದಿಂದ ಅವಳು ಬರಲಿಲ್ಲ.

"ಕೋಪ ಬಂತೇನಪ್ಪ?" ಎಂದರು ಶಾಸ್ತ್ರಿಗಳು.

"ಬಂತು, ಶಾಸ್ತ್ರಿಗಳೇ. ಆದರೂ ಆ ಆರು ತಿಂಗಳು ನನ್ನನ್ನು ಕಂಡು ಮುಖ ತಿರುಗಿಸದವಳು ಅವಳೊಬ್ಬಳೇ."