ಸಪ್ಪಳ ಹಿಡಿದಿಡೋದು, ಸಪ್ಪಳ ಹುಟ್ಟಿಸೋದು

ನಮ್ಮ ಮನ್ಯಾಗ ಈಗ ದಿನಾ ರಾತ್ರಿ ಊಟ ಆದ ಮ್ಯಾಲೆ ಧಮ್, ಧಮ್, ಧಮ್, ಧಮ್ ಅಂತ ಸಪ್ಪಳ. ಬಾಜೂ ಮನಿ ವೈನಿ, "ಏನ್ರೀ, ಇಷ್ಟೊತ್ತಿನ್ಯಾಗ ಖಾರ ಕುಟ್ಟಲಿಕ್ಕೆ ಹತ್ತೀರೇನು?" ಅಂತ ಕೇಳಿದ್ರು. ಖಾರ ಅಲ್ರೀ ವೈನಿ, ನನ್ನ ಮಗಂದು ಹಳೇ ಆಟ.

ಅದರ ಹೆಸರು ಸ್ಪೇಸ್ ಇನ್ವೇಡರ್ಸ್. 1978ರಾಗ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಅನ್ನೋರು ಮಾಡಿದ್ದು. ಕಪಾಟಿನಂಥಾ ಮಶಿನ್ನಿಗೆ ನಾಣ್ಯ ಹಾಕಿ, ನಿಂತು ಆಡೋ ಆಟ. ಮ್ಯಾಲಿಂದ ಹುಳದಂಥಾ ಶತ್ರುಗಳು ಸಾಲಾಗಿ ಇಳೀತಾವ, ಕೆಳಗಿಂದ ನಾವು ಹೊಡೀಬೇಕು. ನಾಕು ಸ್ವರ, ಒಂದಕ್ಕಿಂತ ಒಂದು ತಗ್ಗು. ಶತ್ರು ಕಡಿಮಿ ಆದಂಗ ಸಪ್ಪಳ ಲಗೂ ಲಗೂ ಆಗ್ತದ. ಕೇಳೋರ ಎದೀನೂ ಹಂಗ ಬಡೀತದ.

ಹಳೇ ಮಶಿನ್ ಮಾಡೋ ಕೆಲಸಾನ ಕಂಪ್ಯೂಟರಿನ ಕಡಿಂದ ಮಾಡಸೋದಕ್ಕ ಎಮ್ಯುಲೇಶನ್ ಅಂತಾರ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಾಗ ಇದಕ್ಕಂತನ 'ಮೇಮ್' ಅನ್ನೋ ಪ್ರೋಗ್ರಾಂ ಶುರು ಮಾಡಿದ್ರು. ಪ್ಯಾಕ್-ಮ್ಯಾನ್ ಆಟದ್ದು ಸಲೀಸು. ಅದರ ಧ್ವನಿಯ ಅಲೆ ಹೆಂಗಿರಬೇಕು ಅನ್ನೋದು ಚಿಪ್ಪಿನ್ಯಾಗ ಅಂಕಿ ಆಗಿ ಕೂತದ, ಓದಿಕೊಂಡ್ರ ಆತು. ಸ್ಪೇಸ್ ಇನ್ವೇಡರ್ಸ್ ಹಂಗಲ್ಲ. ಹಾರೋ ತಟ್ಟಿ ಸಪ್ಪಳಕ್ಕ ಒಂದು ಚಿಪ್ಪಿತ್ತು ಖರೆ, ಉಳಿದದ್ದು ರೆಸಿಸ್ಟರ್, ಕೆಪಾಸಿಟರ್ ಜೋಡಿಸಿ ಹುಟ್ಟಿಸಿದ್ದು. ಓದಲಿಕ್ಕೆ ಅಲ್ಲಿ ಅಂಕಿ ಇಲ್ಲ, ಬರೇ ಕರೆಂಟಿನ ಏರಿಳಿತ.

ಅದಕ್ಕ ಎರಡು ದಾರಿ. ಒಂದು, ಖರೇ ಮಶಿನ್ನಿನ ಸಪ್ಪಳ ರೆಕಾರ್ಡ್ ಮಾಡಿಟ್ಟು ಬೇಕಾದಾಗ ಹಚ್ಚೋದು. ಮೊದಲಿಗೆ ಹಂಗ ಮಾಡ್ತಿದ್ರು. ಇನ್ನೊಂದು, ಒಂದೊಂದು ಬಿಡಿಭಾಗ ಏನು ಮಾಡ್ತದ ಅಂತ ಲೆಕ್ಕ ಹಾಕಿ, ಆ ಸಪ್ಪಳಾನ ಆಡೋ ಹೊತ್ತಿನ್ಯಾಗ ಹೊಸದಾಗಿ ಹುಟ್ಟಿಸೋದು. ಮೊದಲನೇದು ಭರಣಿಯೊಳಗಿನ ಉಪ್ಪಿನಕಾಯಿ, ಎರಡನೇದು ಉಪ್ಪು-ಖಾರದ ಅಳತಿ ಬಲ್ಲ ಕೈ.

ಇದನ್ನ ತಿಳಕೊಂಡಾಗಿಂದ ನನಗ ಅವ್ವನ ಜೋಗುಳದ ಚಿಂತಿ ಹತ್ಯದ. ಅವ್ವಗ ಈಗ ಎಂಬತ್ನಾಕು. ಅಣ್ಣನ ಮಗಳು ಅಕಿ ಹಾಡಿದ್ದನ್ನೆಲ್ಲಾ ಫೋನಿನ್ಯಾಗ ತುಂಬಿಸಿಟ್ಟಾಳ. ಚಲೋನ ಮಾಡ್ಯಾಳ. ಆದ್ರ ಹೋದ ತಿಂಗಳು ತಂಗಿ ಮೊಮ್ಮಗನ್ನ ತೊಟ್ಲಾಗ ಹಾಕಿದಾಗ ಅವ್ವಗ ಉಸಿರು ಸಾಲಲಿಲ್ಲ. ಫೋನ್ ಹಚ್ಚಿದ್ವಿ. ಪದ ಬಂತು, ಅವ್ವನ ದನೀನೂ ಬಂತು, ಆದ್ರ ಅದರಾಗ ಇದ್ದದ್ದು ಬ್ಯಾರೆ ಕೂಸಿನ ಹೆಸರು.

ಅವ್ವ ಹಾಡೋವಾಗ ಹಂಗಾಗ್ತಿರಲಿಲ್ಲ. ಕೂಸಿನ ಹೆಸರು, ಸ್ವಾದರಮಾವನ ಊರು, ಹೊರಗಿನ ಮಳಿ, ಎಲ್ಲಾ ಆವಾಗಿಂದಾವಾಗ ಪದದಾಗ ಸೇರ್ತಿತ್ತು. ಕೂಸು ಅತ್ರ ರಾಗ ಎಳೀತಿದ್ದಳು, ಮಲಗಲಿಕ್ಕೆ ಬಂದ್ರ ತಗ್ಗಸ್ತಿದ್ದಳು. ಫೋನಿಗೆ ಕೂಸು ಕಾಣೂದಿಲ್ಲ.

ಹಂಗಾಗಿ ನಾನು, ತಂಗಿ ಈಗ ಮಧ್ಯಾಹ್ನ ಅವ್ವನ ಹಂತ್ಯಾಕ ಕೂಡ್ತೀವಿ. ಎಲ್ಲಿ ಉಸಿರು ತಗೋತಾಳ, ಹೆಸರು ಎಲ್ಲಿ ಕೂಡಸ್ತಾಳ ಅಂತ ಕೇಳಿ ಕಲೀಲಿಕ್ಕೆ ಹತ್ತೀವಿ. ನಿಮ್ಮ ಮನ್ಯಾಗೂ ಇಂಥಾ ದನಿ ಇದ್ರ ರೆಕಾರ್ಡ್ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಅವರ ಜೋಡಿ ಕೂತು ಒಂದೆರಡು ಪದ ನಿಮ್ಮ ಬಾಯಾಗೂ ಆಡಸ್ರಿ.