ಉಸಿರಿನ ಹಾದಿ ಮುಚ್ಚಿದಾಗ

ಶಾರ್ವರಿ ಸಂವತ್ಸರದ ಯುಗಾದಿ 2020ನೆಯ ಇಸವಿಯ ಮಾರ್ಚ್ 25ರಂದು ಬಂದಿತು. ದೇಶವೆಲ್ಲ ಬಾಗಿಲಿಕ್ಕಿಕೊಂಡು ಕುಳಿತ ಇಪ್ಪತ್ತೊಂದು ದಿನಗಳಲ್ಲಿ ಅದೇ ಮೊದಲನೆಯ ದಿನವಾಗಿತ್ತು. ಅದಕ್ಕೆ ಎರಡು ವಾರ ಮುಂಚೆ ಕಲಬುರ್ಗಿಯ ವೃದ್ಧರೊಬ್ಬರು ಈ ಹೊಸ ವ್ಯಾಧಿಯಿಂದ ತೀರಿಕೊಂಡು, ಭಾರತದಲ್ಲಿ ಅದರ ಮೊದಲ ಮರಣ ನಮ್ಮ ನಾಡಿನಲ್ಲಿಯೇ ಸಂಭವಿಸಿದ್ದಿತಾದುದರಿಂದ, ಭಯವೆಂಬುದು ನಮಗೆ ದೂರದ ವಾರ್ತೆಯಾಗಿ ಉಳಿದಿರಲಿಲ್ಲ. ಬೇವು-ಬೆಲ್ಲವನ್ನು ಹಿರಿಯರ ಕೈಯಿಂದ ಪಡೆದು ಅವರ ಪಾದಕ್ಕೆರಗುವ ದಿವಸದಲ್ಲಿ, ಹಿರಿಯರ ಬಳಿಗೆ ಹೋಗದಿರುವುದೇ ಅವರಿಗೆ ಸಲ್ಲಿಸಬೇಕಾದ ಗೌರವವೆಂದು ಲೋಕದ ವೈದ್ಯರೆಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದರು.

ನಮ್ಮ ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ತಾಯಿಯವರು ನನ್ನ ತಮ್ಮನ ಸಂಸಾರದೊಡನೆ ಖಾನಾಪುರದಲ್ಲಿರುತ್ತಾರೆ; ಮಗಳು ಗಂಡ ಮತ್ತು ಮಗುವಿನೊಡನೆ ಪುಣೆಯಲ್ಲಿದ್ದಾಳೆ. ಖಾನಾಪುರಕ್ಕೆ ಸುಮಾರು 30 ಕಿ.ಮೀ., ಪುಣೆಗೆ ಸುಮಾರು 340. ಬಸ್ಸೂ ರೈಲೂ ನಿಂತುಹೋಗಿ, ನಿಪ್ಪಾಣಿಯ ಆಚೆ ಕೊಗನೊಳ್ಳಿಯ ತಪಾಸಣಾ ನಾಕೆಯಲ್ಲಿ ಎರಡು ರಾಜ್ಯಗಳ ನಡುವಣ ಹೆದ್ದಾರಿಗೆ ಅಡ್ಡಗಟ್ಟಿದ ಮೇಲೆ ಈ ಎರಡು ಅಂಕೆಗಳ ನಡುವಿನ ಭೇದವೇ ಅಳಿಸಿಹೋಯಿತು. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾಗಿದ್ದ ತಾಯಿಯ ಮನೆಯೂ, ವರ್ಷಕ್ಕೆರಡು ಸಲ ಕಾಣುತ್ತಿದ್ದ ಮಗಳ ಮನೆಯೂ, ಒಂದೇ ಕೈಗಾತ್ರದ ಗಾಜಿನ ಹಿಂದೆ ಒಂದೇ ದೂರದಲ್ಲಿ ನಿಂತವು. ಇದರಿಂದ ಎಲ್ಲರಿಗಿಂತ ಸಂತೋಷಪಟ್ಟವರು ತಾಯಿಯವರೆಂದರೆ ವಿಚಿತ್ರವೆನಿಸಬಹುದು. ಪುಣೆಯ ಮರಿಮಗಳು ಅವರ ಪಾಲಿಗೆ ಅದುವರೆಗೆ ಹಬ್ಬದ ಅತಿಥಿಯಾಗಿದ್ದಳು. ಈಗ ಪ್ರತಿ ಸಂಜೆಯ ಮನೆಯ ಕೂಸಾದಳು.

ನಮ್ಮ ಪ್ರಾಂತಕ್ಕೆ ಸಾಂಕ್ರಾಮಿಕವು ಹೊಸತಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಎರಡು ಮೂರು ವರ್ಷಗಳೊಳಗಾಗಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹೊಕ್ಕು ಓಣಿ ಓಣಿಗಳನ್ನೇ ಬರಿದು ಮಾಡಿತು. ಆ ಕಾಲದಲ್ಲಿ, 1897ರಲ್ಲಿ, ಆಂಗ್ಲ ಸರಕಾರ ರಚಿಸಿದ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 2020ರಲ್ಲಿಯೂ ನಮ್ಮ ಸರಕಾರದ ಕೈಗೆ ಮೊದಲು ದೊರೆತ ಆಯುಧವಾಯಿತು. ಆದರೆ ಆ ಕಾಲದ ಕಷ್ಟಕ್ಕೂ ಈ ಕಾಲದ ಕಷ್ಟಕ್ಕೂ ಒಂದು ಮೂಲಭೂತವಾದ ಅಂತರವುಂಟು. ಪ್ಲೇಗಿನ ವಿಷ ಇಲಿಯ ಮೈಮೇಲಿನ ಚಿಕ್ಕಾಡಿನಿಂದ ಹರಡುವಂಥದು. ಆದುದರಿಂದ ಮನೆಯೇ ಮನುಷ್ಯನಿಗೆ ಶತ್ರುವಾಯಿತು. ಇಲಿ ಬಿದ್ದಿತೆಂದು ತಿಳಿದ ಕೂಡಲೆ ಜನರು ಮನೆಗೆ ಬೀಗವಿಕ್ಕಿ, ಅಜ್ಜ-ಅಜ್ಜಿ, ಮಕ್ಕಳು-ಮರಿ, ದನಕರುಗಳೊಡನೆ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಮನೆ ಬಿಟ್ಟುಹೋಯಿತು, ಕುಟುಂಬ ಕೂಡಿ ಉಳಿಯಿತು. ಕೊರೋನಾ ರೋಗವಾದರೋ ಮನುಷ್ಯನ ಉಸಿರನ್ನೇ ವಾಹನವಾಗಿ ಮಾಡಿಕೊಂಡಿತು. ಮಗುವಿಗೆ ಮುತ್ತಿಡುವುದು, ಮುದುಕರ ಕಿವಿಯ ಬಳಿ ಬಾಗಿ ಮಾತಾಡುವುದು, ಒಂದೇ ತಾಟಿನಲ್ಲಿ ತುತ್ತು ಹಂಚಿಕೊಳ್ಳುವುದು, ಹೀಗೆ ವಾತ್ಸಲ್ಯವು ಎಂದಿನಿಂದಲೂ ನಡೆದು ಬಂದ ಹಾದಿಗಳೇ ಅದರ ಹಾದಿಗಳಾದವು. ಮನೆ ಉಳಿಯಿತು; ಮನೆಯವರು ಬೇರೆಯಾದರು. ವಾತ್ಸಲ್ಯಕ್ಕೆ ಉಸಿರಿನದಲ್ಲದ ಬೇರೊಂದು ಹಾದಿಯನ್ನು ಹುಡುಕಬೇಕಾದ ಕಾಲ ಹೀಗೆ ಒದಗಿತು.

ಹಾಗೆ ಹುಡುಕುವಾಗ ನನಗೆ ಮಾರ್ಗದರ್ಶಕರಾದವರು ನಮ್ಮ ಓಣಿಯಲ್ಲಿರುವ ಒಬ್ಬ ನಿವೃತ್ತ ಸುಭೇದಾರರ ಪತ್ನಿ. ಮರಾಠಾ ಲಘು ಪದಾತಿ ದಳದ ಕೇಂದ್ರವು 1922ರಿಂದ ಬೆಳಗಾವಿಯಲ್ಲಿ ನೆಲೆಸಿರುವುದರಿಂದ ಈ ಭಾಗದ ಹಳ್ಳಿಗಳಲ್ಲಿ ಸೈನಿಕರ ಮನೆಗಳು ಬಹಳ; ಆ ಮನೆಯ ಹೆಣ್ಣುಮಕ್ಕಳು ಅಗಲಿಕೆಯೊಡನೆ ಸಂಸಾರ ಮಾಡುವ ಕಲೆಯನ್ನು ತಲೆಮಾರುಗಳಿಂದ ಅಭ್ಯಾಸ ಮಾಡಿಕೊಂಡು ಬಂದವರು. ಗಂಡನು ಗಡಿಯಲ್ಲಿದ್ದ ವರ್ಷಗಳಲ್ಲಿ ಆಕೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ನೆತ್ತಿಯ ಮೇಲೆ ಒಂದು, ಎರಡು, ಮೂರೆಂದು ಅಂಕೆ ಹಾಕುತ್ತಿದ್ದರಂತೆ. ಪತ್ರಗಳು ಹಿಂದು ಮುಂದಾಗಿ ತಲುಪಿದರೂ ಓದುವವನು ಅವನ್ನು ಕ್ರಮವಾಗಿ ಜೋಡಿಸಿಕೊಂಡು ಮನೆಯ ದಿನಗಳನ್ನು ಸಾಲಾಗಿ ಕಾಣಲೆಂದು. “ಸುದ್ದಿ ದೊಡ್ಡದಿರಬೇಕಂತ ಏನಿಲ್ಲರಿ, ಹೊತ್ತು ತಪ್ಪಬಾರದು,” ಎಂದು ಅವರು ಕಂಪೌಂಡಿನ ಆಚೆಯಿಂದ, ಸೆರಗನ್ನು ಮೂಗಿಗೆ ಹಿಡಿದುಕೊಂಡೇ, ನನ್ನ ಹೆಂಡತಿಗೆ ಹೇಳಿದ ಮಾತು ನಮ್ಮ ಮನೆಯ ನಿಯಮವಾಯಿತು. ಸಂಜೆ ಏಳಕ್ಕೆ, ದೇವರ ಮುಂದೆ ದೀಪ ಹಚ್ಚಿದ ಬಳಿಕ, ಮೂರು ಊರುಗಳ ಮೂರು ಮನೆಗಳು ಕೂಡುವುದೆಂದು ಗೊತ್ತಾಯಿತು. ಮೊದಮೊದಲು ವಾಟ್ಸ್ಆ್ಯಪಿನಲ್ಲಿ ನಾಲ್ಕು ಫೋನುಗಳು ಮಾತ್ರ ಏಕಕಾಲಕ್ಕೆ ಸೇರಲು ಸಾಧ್ಯವಿತ್ತು; ಏಪ್ರಿಲ್ ಮುಗಿಯುವುದರೊಳಗೆ ಅದು ಎಂಟಕ್ಕೆ ಏರಿತು; ಏರಿದೊಡನೆ ಬೈಲಹೊಂಗಲದ ಅಕ್ಕನವರೂ, ಗೋವೆಯಲ್ಲಿ ಸಿಲುಕಿದ್ದ ತಮ್ಮನ ಮಗನೂ ಬಂದು ಕೂಡಿಕೊಂಡರು.

ತಾಯಿಯವರು ಪರದೆಯ ಮುಂದೆ ಕುಳಿತೊಡನೆ ಮಾತನ್ನು ಆರಂಭಿಸುತ್ತಿರಲಿಲ್ಲ. “ಎಲ್ಲಿ, ಮಾರಿ ತೋರಸು,” ಎಂದು ಒಬ್ಬೊಬ್ಬರನ್ನೇ ಕರೆದು, ಕಣ್ಣು ಕಿರಿದು ಮಾಡಿಕೊಂಡು, ಕ್ಷಣಕಾಲ ಸುಮ್ಮನೆ ನೋಡುವರು. ಮುಖವನ್ನು ನೋಡಿ ಮೈಯ ಸ್ಥಿತಿಯನ್ನು ಅಳೆಯುವ ಈ ಪರೀಕ್ಷೆ ಮುಗಿದ ಮೇಲೆಯೇ ಉಳಿದುದು. ಖಾನಾಪುರದ ಮಳೆಗಾಲವೆಂದರೆ ಅದು ಸಹ್ಯಾದ್ರಿಯ ಮಳೆಗಾಲ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲೂಕಿನಲ್ಲಿದೆ. ಜೂನ್ ಕಳೆಯಿತೆಂದರೆ ವಿದ್ಯುತ್ತೂ ನೆಟ್‌ವರ್ಕೂ ದಿನಗಟ್ಟಲೆ ಇಲ್ಲವಾಗುವುದುಂಟು. ಅಂಥ ಸಂಜೆಗಳಲ್ಲಿ ಚಿತ್ರ ಕಡಿದು, ದನಿಯೊಂದೇ ತುಂಡುತುಂಡಾಗಿ ಬರುತ್ತಿರಲು, ತಾಯಿಯವರು ಅದಕ್ಕಾಗಿ ಬೇಸರಪಡದೆ, ಆ ದಿನ ಹೊಳೆಗೆ ನೀರು ಎಲ್ಲಿಯವರೆಗೆ ಬಂದಿತ್ತು, ಯಾರ ಗದ್ದೆಯಲ್ಲಿ ನಾಟಿ ಮುಗಿಯಿತು, ನೆರೆಮನೆಯ ಮರಾಠಿ ಮಾವಶಿಯವರ ಎಮ್ಮೆ ಈದಿತೋ ಇಲ್ಲವೋ ಎಂಬುದನ್ನೆಲ್ಲ ಸಾವಧಾನವಾಗಿ ನಿವೇದಿಸಿ ಮುಗಿಸುವರು.

ಅದೇ ವರ್ಷ ಜುಲೈ 25ಕ್ಕೆ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಎಷ್ಟು ವರ್ಷ ಕಳೆದಿದ್ದರೂ ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಅವಳು ತವರಿಗೆ ಬಂದು ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ಆ ಸಲ ಯಾರನ್ನೂ ಯಾರೂ ಕರೆತರುವಂತಿರಲಿಲ್ಲ. ಪುಣೆಯಲ್ಲಿ ರೋಗ ಉಲ್ಬಣಿಸಿತ್ತು. ಮಗಳ ಮುಖ ಬಾಡಿದ್ದನ್ನು ಕಂಡ ತಾಯಿಯವರು, “ತಂಗೀ, ಬೆಲ್ಲಾ ಅದ ಇಲ್ಲ ಮನ್ಯಾಗ? ಎಳ್ಳು, ಶೇಂಗಾ? ಹಂಗಾದ್ರ ಒಲಿ ಹಚ್ಚು,” ಎಂದರು. ಉಂಡಿಯನ್ನು ಅವರು ನಮ್ಮ ಮನೆಯ ಯಾವ ಸೊಸೆಗೂ ಮೊಮ್ಮಗಳಿಗೂ ಮಾತಿನಿಂದ ಕಲಿಸಿದವರಲ್ಲ. ಪಾಕ ಏರುವ ಹೊತ್ತಿಗೆ ಕಲಿಯುವವಳ ಕೈಯಿಂದ ಸೌಟು ತಾವೇ ತೆಗೆದುಕೊಂಡು ಮುಂದಿನದನ್ನು ಮಾಡಿಬಿಡುವರು. ಕಲಿಯುವವಳು ನೋಡಿ ಕಲಿಯಬೇಕು. ಈಗ ಸೌಟಿಗೂ ಅವರ ಕೈಗೂ ನಡುವೆ ಎರಡು ಜಿಲ್ಲೆಗಳಲ್ಲ, ಎರಡು ರಾಜ್ಯಗಳಿದ್ದವು. ಎಪ್ಪತ್ತು ವರ್ಷ ಕೈಯೇ ಬಲ್ಲುದನ್ನು ಅವರು ಮೊತ್ತಮೊದಲ ಬಾರಿಗೆ ಬಾಯಿಯಿಂದ ಹೇಳಬೇಕಾಯಿತು.

ಅದನ್ನು ಅವರು ಹೇಗೆ ಹೇಳಿದರೆಂಬುದನ್ನು ಕೇಳಿ ನಾನು ಬೆರಗಾದೆನು. ಬೆಲ್ಲ ಕರಗಿ ನೊರೆ ದೊಡ್ಡದಾಗಿರುವಾಗ ಅವಸರ ಮಾಡಬಾರದೆಂದೂ, ನೊರೆ ಸಣ್ಣದಾಗಿ ಬಣ್ಣ ತುಸು ಕಪ್ಪಡರಿದ ಮೇಲೆ ಬಟ್ಟಲ ನೀರಿಗೆ ಒಂದು ಹನಿ ಬಿಡಬೇಕೆಂದೂ, ನೀರಿನಲ್ಲಿ ಅದು ಹರಡಿದರೆ ಇನ್ನೂ ಹೊತ್ತಿದೆ, ಬೆರಳಿಗೆ ಗೋಲಿಯಾಗಿ ಸಿಕ್ಕಿದರೆ ಉರಿ ತೆಗೆಯಬೇಕು, ತಾಟಿಗೆ ಬಿಸುಟಾಗ ಟಣ್ಣೆಂದರೆ ಹೊತ್ತು ಮೀರಿತೆಂದೂ, ಕಟ್ಟುವಾಗ ಅಂಗೈಗೆ ನೀರು ಸವರಿಕೊಂಡು ಬಿಸಿ ಇರುವಾಗಲೇ ಕಟ್ಟಬೇಕೆಂದೂ, ಒಂದೊಂದನ್ನೂ ಕ್ರಮ ತಪ್ಪದೆ, ಕಣ್ಣು ಮುಚ್ಚಿ, ತಮ್ಮ ಬರಿಯ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತ ಹೇಳಿದರು. ಮಗಳು ಒಲೆಯ ಪಕ್ಕದಲ್ಲಿ ಒಂದು ವಹಿ ಇಟ್ಟುಕೊಂಡು ಅದನ್ನೆಲ್ಲ ಬರೆದುಕೊಂಡಳು. ಜೊತೆಯಲ್ಲಿದ್ದಾಗ ಹೇಳದೆಯೇ ನಡೆದುಹೋಗುವ ಎಷ್ಟೋ ಸಂಗತಿಗಳು ದೂರವಾದಾಗ ಮಾತಾಗಿ ಮೂಡುತ್ತವೆಂಬುದು ಆ ಸಂಜೆ ನನಗೆ ಸ್ಪಷ್ಟವಾಯಿತು. ನಮ್ಮ ತಂದೆಯವರ ಬಗ್ಗೆ, ತಮ್ಮ ಮದುವೆಯ ಬಗ್ಗೆ, ನಾವು ಕೂಸಾಗಿದ್ದಾಗಿನ ಬರದ ಬಗ್ಗೆ ತಾಯಿಯವರು ಆಡಿದ ಮಾತುಗಳಲ್ಲಿ ಬಹುಪಾಲು ಆ ವರ್ಷ ಆಡಿದವುಗಳೇ.

ಸಪ್ಟಂಬರಿನಲ್ಲಿ ಬೆಳಗಾವಿಯ ಲೋಕಸಭಾ ಸದಸ್ಯರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ದಿಲ್ಲಿಯಲ್ಲಿ ಈ ರೋಗದಿಂದಲೇ ತೀರಿಕೊಂಡರು; ಅದು 23ನೆಯ ತಾರೀಖು. ಅಧಿಕಾರದಲ್ಲಿದ್ದವರ ದೇಹವೂ ಊರಿಗೆ ಬರಲಾಗದೆ ಅಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಸಹಸ್ರಾರು ಜನ ಸೇರಿ ಬೀಳ್ಕೊಡಬೇಕಾದವರನ್ನು ಬೆಳಗಾವಿ ತನ್ನ ಮನೆಮನೆಗಳಲ್ಲಿ ಕುಳಿತು ಟಿ.ವಿ.ಯಲ್ಲಿ ಕಂಡಿತು. ಮರಣಕ್ಕೆ ಮಾತ್ರ ಬೇರೆ ಹಾದಿಯಿಲ್ಲ. ಹೆಗಲು ಕೊಡುವುದಕ್ಕೆ ಬದಲಾಗಿ ನಿಲ್ಲಬಲ್ಲುದು ಯಾವ ಯಂತ್ರದಲ್ಲಿಯೂ ಇಲ್ಲ; ಆ ವರ್ಷಗಳಲ್ಲಿ ತಮ್ಮವರನ್ನು ಹಾಗೆ ಕಳೆದುಕೊಂಡ ಮನೆಗಳ ದುಃಖವನ್ನು ಫೋನು ತುಂಬಿಕೊಟ್ಟಿತೆಂದು ನಾನು ಎಂದಿಗೂ ಹೇಳಲಾರೆ.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ರೋಗ ನನ್ನನ್ನು ಹಿಡಿಯಿತು. ಮಾಳಿಗೆಯ ಮೇಲಿನ ಕೋಣೆ ನನಗೆ, ಕೆಳಗಿನ ಮನೆ ಹೆಂಡತಿಗೆ. ಆಕೆ ಊಟದ ತಾಟನ್ನು ಪಾವಟಿಗೆಯ ಮೇಲಿಟ್ಟು ಕೆಳಗಿಳಿದ ಮೇಲೆ ನಾನು ಬಾಗಿಲು ತೆಗೆಯಬೇಕು. ದಿನಕ್ಕೆ ನಾಲ್ಕು ಹೊತ್ತು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಅಂಕೆಯನ್ನು ಫೋನಿನಲ್ಲಿ ಹೇಳಬೇಕು; 94ಕ್ಕಿಂತ ಇಳಿಯಿತೆಂದರೆ ಆಸ್ಪತ್ರೆ, ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ. ಒಂದೇ ಛಾವಣಿಯ ಕೆಳಗೆ ಮೂವತ್ತೈದು ವರ್ಷ ಬಾಳಿದ ನಾವಿಬ್ಬರು ಹೀಗೆ ಹನ್ನೆರಡು ಪಾವಟಿಗೆಗಳ ಅಂತರದಲ್ಲಿ ಫೋನಿನಿಂದ ಮಾತಾಡಿದೆವು. ತಾಯಿಯವರಿಗೆ ತಿಳಿಸಬಾರದೆಂದು ತಮ್ಮನ ಅಭಿಪ್ರಾಯ. ತಿಳಿಸದಿದ್ದರೆ ಏಳು ಗಂಟೆಯ ಮುಖಪರೀಕ್ಷೆ ತಾನೇ ತಿಳಿಸುವುದೆಂದು ನನ್ನದು. ತಿಳಿಸಿದೆನು.

ಅವರು ಅಳಲಿಲ್ಲ. ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿದರು, ಮೂಡಣಕ್ಕೆ ಎಂದೆ. ಆಮೇಲೆ, ನಾನು ಎಂದೂ ಕೇಳಿರದ ಒಂದು ವೃತ್ತಾಂತವನ್ನು ಹೇಳಿದರು. ಅವರು ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಅವರ ಅಣ್ಣನಿಗೆ ಸಿಡುಬು ಎದ್ದಿತ್ತಂತೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹುಡುಗನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಮಕ್ಕಳಾರೂ ಒಳಗೆ ಹೋಗುವಂತಿರಲಿಲ್ಲ. ಆಕೆ ದಿನವೂ ಬಾಗಿಲ ಹೊರಗೆ ಗೋಡೆಗೊರಗಿ ಕುಳಿತು, ಬೀದಿಯಲ್ಲಿ ಕಂಡುದನ್ನೆಲ್ಲ, ಯಾವ ಚಕ್ಕಡಿ ಹೋಯಿತು, ಯಾವ ಎತ್ತು ಕುಂಟುತ್ತಿತ್ತು ಎಂಬುದನ್ನು ಅಣ್ಣನಿಗೆ ಕೂಗಿ ಹೇಳುತ್ತಿದ್ದಳು. ಅವನು ಉತ್ತರ ಕೊಡಲಾರದ ದಿನಗಳಲ್ಲಿ ಒಳಗಿನಿಂದ ಗೋಡೆಗೆ ಒಮ್ಮೆ ಬಡಿಯುವನು; ಅದಿಷ್ಟೇ. ಅವನು ಬದುಕಿದನು, ಮುಖದ ತುಂಬ ಕಲೆಗಳೊಡನೆ ತುಂಬು ಬಾಳು ಬಾಳಿದನು. ಆ ಸೋದರಮಾವನನ್ನು ನಾನು ಬಲ್ಲೆ. ಆ ಕಲೆಗಳನ್ನೂ ಬಲ್ಲೆ. ಗೋಡೆಯ ಕಥೆಯನ್ನು ಮಾತ್ರ ಬಲ್ಲವನಾಗಿರಲಿಲ್ಲ. ಆ ಸಿಡುಬಿಗೆ ವಿರುದ್ಧವಾದ ಲಸಿಕೆಯನ್ನು ತಯಾರಿಸುತ್ತಿದ್ದ ಸ್ಥಳವೇ ನಮ್ಮ ತಿಳಕವಾಡಿಯ ವ್ಯಾಕ್ಸಿನ್ ಡಿಪೋ; ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಲಾಯಿತು. ಅರುವತ್ತು ದಾಟಿದವರಿಗೆ ಕೊರೋನಾ ಲಸಿಕೆ ದೊರೆತುದು 2021ರ ಮಾರ್ಚಿನಿಂದ. ತಾಯಿಯವರು ತಡಮಾಡದೆ ತೋಳೊಡ್ಡಿದ್ದರು. ಅಣ್ಣನ ಮುಖವನ್ನು ಕಂಡವರಿಗೆ ಲಸಿಕೆಯ ವಿಷಯದಲ್ಲಿ ಉಪದೇಶ ಬೇಕಾಗಿರಲಿಲ್ಲ.

ಅಂದಿನಿಂದ ನಾನು ಗುಣವಾಗುವವರೆಗೆ ಅವರು ನನ್ನಿಂದ ಮಾತನ್ನು ಅಪೇಕ್ಷಿಸಲಿಲ್ಲ. “ನೀ ಮಾತಾಡಬ್ಯಾಡ, ಕೆಮ್ಮು ಬರ್ತದ. ನಾ ಹೇಳ್ತೀನಿ, ಕೇಳು,” ಎಂದು, ಕಾಡಿನಿಂದ ಬಂದ ಕವಳಿ ಹಣ್ಣಿನ ಬುಟ್ಟಿಯ ವಿಷಯ, ಹಿತ್ತಲ ಹಲಸಿನ ಮರದ ವಿಷಯ, ತೌಕ್ತೆ ಚಂಡಮಾರುತದ ಗಾಳಿ ಮಳೆಗೆ ಹಾರಿದ ಹಂಚುಗಳ ವಿಷಯ ಹೇಳುತ್ತ ಹೋದರು. ಕೊನೆಗೆ, “ಕೇಳಿಸ್ತಿಲ್ಲೋ?” ಎನ್ನುವರು. ನಾನು ಬೆರಳಿನಿಂದ ಫೋನಿನ ಗಾಜನ್ನು ಒಮ್ಮೆ ತಟ್ಟುವೆನು.

2022ರ ಪಂಚಮಿ ಆಗಸ್ಟ್ 2ಕ್ಕೆ ಬಂದಿತು. ನನ್ನ ತಮ್ಮನ ಮಗ ಪುಣೆಗೆ ಹೋಗಿ ಅಕ್ಕನನ್ನು ಕರೆತಂದನು, ಎಲ್ಲರೂ ಖಾನಾಪುರದಲ್ಲಿ ಕೂಡಿದೆವು. ಮಗಳು ಆ ವಹಿಯನ್ನು ಜೊತೆಗೆ ತಂದಿದ್ದಳು. ಒಲೆಯ ಮುಂದೆ ಕುಳಿತು ಅವಳು ಅದನ್ನು ಗಟ್ಟಿಯಾಗಿ ಓದಿದಳು. ತಾಯಿಯವರು ತಮ್ಮವೇ ಮಾತುಗಳನ್ನು ಗಂಭೀರವಾಗಿ ಆಲಿಸಿ, ಒಂದೆಡೆ ತಡೆದರು. “ನೀರು ಸವರಬಾರದು ತಂಗೀ, ತುಪ್ಪ ಸವರಬೇಕು. ಅಂದು ನಿನ್ನ ಮನ್ಯಾಗ ತುಪ್ಪ ಇರಲಿಲ್ಲ, ಅದಕ್ಕ ಹಂಗ ಹೇಳಿದ್ದೆ. ತಿದ್ದಿಕೋ,” ಎಂದರು. ಮಗಳು ಪೆನ್ನು ತೆಗೆದು ತಿದ್ದಿಕೊಂಡಳು. ತಾಯಿಯವರು ಅವಳ ಕೈಯಿಂದ ಸೌಟು ತೆಗೆದುಕೊಂಡರು.