ಕೊಪ್ಪದಲ್ಲೊಂದು ಅರ್ಜಿ

ಆಷಾಢದ ಮಳೆ. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಕೊಡೆ ಕೊಡವಿ ನೀವು ಸೈಬರ್ ಸೆಂಟರಿಗೆ ನುಗ್ಗುತ್ತೀರಿ. ಒಳಗೆ ಒದ್ದೆ ಬಟ್ಟೆಯ ವಾಸನೆ, ಜೆರಾಕ್ಸ್ ಯಂತ್ರದ ಬಿಸಿ. ನಿಮಗಿಂತ ಮುಂದೆ ಶೃಂಗೇರಿ ಕಡೆಯ ಹುಡುಗಿಯೊಬ್ಬಳು ಕೂತಿದ್ದಾಳೆ. ಬಿ.ಕಾಂ. ಮುಗಿದಿದೆ, ಬೆಂಗಳೂರಿನ ಕಂಪನಿಗೆ ಅರ್ಜಿ. ಅಂಕಪಟ್ಟಿಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರು ಇನ್ನೊಂದು ಕವರಿನಲ್ಲಿ.

"ಆಧಾರ್ ಹಿಂದೆ ಮುಂದೆ ಎರಡೂ ಕೇಳ್ತದೆ ಮಾರಾಯ್ತಿ" ಎನ್ನುತ್ತ ಅಂಗಡಿಯವನು ಫೋಲ್ಡರ್ ತೆರೆಯುತ್ತಾನೆ. ನೋಡಬಾರದೆಂದರೂ ನಿಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ: ಆಧಾರ್ ಫ್ರಂಟ್, ಆಧಾರ್ ಬ್ಯಾಕ್, ರೆಸ್ಯೂಮ್ ಫೈನಲ್, ರೆಸ್ಯೂಮ್ ಫೈನಲ್ 2, ಯಾರದೋ ಪಾಸ್‌ಬುಕ್ಕು, ಯಾರದೋ ಜಾತಿ ಪ್ರಮಾಣಪತ್ರ. ಕೊಪ್ಪ, ಎನ್.ಆರ್. ಪುರ, ಶೃಂಗೇರಿ, ಮೂರೂ ತಾಲ್ಲೂಕಿನ ಮಕ್ಕಳು ಆ ಪರದೆಯ ಮೇಲೆ ಸಾಲಾಗಿ ನಿಂತಿದ್ದಾರೆ.

ಪಿನ್‌ಕೋಡ್, 577139. ಹುಟ್ಟಿದ ದಿನ. ಅಪ್ಪನ ಉದ್ಯೋಗ. ಇತರೆ ಸಾಧನೆಯ ಜಾಗದಲ್ಲಿ ಅವಳು ಬರೆಯುತ್ತಾಳೆ, 'ಮಹಿಳಾ ಥ್ರೋಬಾಲ್ ತಂಡದ ನಾಯಕಿ.' ಬೇಡ ಎನ್ನಬೇಕೆನಿಸುತ್ತದೆ ನಿಮಗೆ. ಅಮೆಜಾನ್ ಕಂಪನಿ ಅರ್ಜಿ ಸೋಸಲೆಂದು ಮಾಡಿಸಿದ ಯಂತ್ರ ಹತ್ತು ವರ್ಷದ ಹಳೆಯ ಅರ್ಜಿಗಳನ್ನು ಓದಿ ಪಾಠ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ 'ಮಹಿಳಾ' ಎಂಬರ್ಥದ ಪದ ಕಂಡರೆ ಅಂಕ ಇಳಿಸುತ್ತಿತ್ತು. ಕಂಪನಿಯೇ ಅದನ್ನು ಕೈಬಿಟ್ಟಿತು, 2018ರಲ್ಲಿ ಸುದ್ದಿ ಹೊರಬಿತ್ತು. ಈ ಅರ್ಜಿಯನ್ನು ಮೊದಲು ಓದುವುದು ಮನುಷ್ಯನೋ ಯಂತ್ರವೋ, ಅವಳಿಗೆ ಯಾರೂ ಹೇಳಿಲ್ಲ.

ನಮ್ಮ ಕಡೆ ಕೆಲಸಕ್ಕೆ ಕರೆಯುವಾಗ ಗುಟ್ಟೆಂಬುದೇ ಇರಲಿಲ್ಲ, ಒಪ್ಪೋಣ. ಯಾರಪ್ಪ ಕುಡಿಯುತ್ತಾನೆ, ಯಾರ ಮನೆಯಲ್ಲಿ ಅಡಿಕೆ ಕೊಳೆರೋಗಕ್ಕೆ ಹೋಯಿತು, ಎಲ್ಲ ತೋಟದ ರೈಟರಿಗೆ ಗೊತ್ತು. ಆದರೆ ರೈಟರು ಎಲ್ಲೆಲ್ಲಿ ಸಾಲ ಮಾಡಿದ್ದಾರೆಂಬುದು ಆಳುಗಳಿಗೂ ಗೊತ್ತಿತ್ತು!

ಕೊನೆಗೆ ಒಪ್ಪಿಗೆಯ ಪುಟ. ಉದ್ದಕ್ಕೂ ಇಂಗ್ಲಿಷು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರ ಫಲ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ ಇಂಥ ಒಪ್ಪಿಗೆಯ ಮಾತನ್ನು ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು. ನಿಯಮಗಳು ಬಂದದ್ದೇ 2025ರ ನವೆಂಬರಿನಲ್ಲಿ, ಅದೂ ಕಂತಿನಲ್ಲಿ ಜಾರಿ. ಹುಡುಗಿ ಓದದೆ 'ಐ ಅಗ್ರೀ' ಒತ್ತುತ್ತಾಳೆ. ನೀವಾದರೂ ಅಷ್ಟೇ.

"ಅಣ್ಣ, ನಂದು ಡಿಲೀಟ್ ಮಾಡಿ."

ಅವನು ಮಾಡುತ್ತಾನೆ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ ತೋರಿಸುತ್ತಾನೆ. "ಇಲ್ಲಿದ್ದು ಹೋಯ್ತು. ಅಲ್ಲಿಗೆ ಹೋಗಿದ್ದಕ್ಕೆ ನಾನೆಂತ ಮಾಡ್ಲಿ?" ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಯುಪಿಎಸ್ ಕುಂಯ್‌ಗುಡುತ್ತದೆ.

ಶೃಂಗೇರಿ ಬಸ್ಸಿನಲ್ಲಿ ನಿಮಗೆ ಅವಳ ಹಿಂದಿನ ಸೀಟು. ಕಂಡಕ್ಟರ್ ಹಳಬ, 2020ರಲ್ಲಿ ಸಹಕಾರ ಸಾರಿಗೆ ನಿಂತ ಮೇಲೆ ಈ ಬಸ್ಸಿಗೆ ಬಂದವನು. ಎಲ್ಲಿಗೆ ಎಂದು ಕೇಳದೆ ಟಿಕೆಟ್ ಹರಿದುಕೊಡುತ್ತಾನೆ.

"ಅರ್ಜಿ ಹಾಕಿ ಆಯ್ತಾ?"

"ಆಯ್ತು" ಎಂದವಳು ಚಿಲ್ಲರೆ ಎಣಿಸಿ ಅವನ ಕೈಗಿಡುತ್ತಾಳೆ. "ನಿಮ್ಮ ಮಗಳಿಗೆ ಸೀಟ್ ಎಲ್ಲಿ ಸಿಕ್ತು?"